ಗೋದಾಮಿನ ಕಾರ್ಡಿನಲ್ಲಿ ರೈಲಿಲ್ಲ

ಸೆಪ್ಟೆಂಬರ್ 2, ಮಧ್ಯಾಹ್ನ

ರೈಲು. ಮತ್ತೆ ರೈಲು. ಒಂದು ಮಿಡತೆ. ಮತ್ತೆ ರೈಲು.

ಬೆಳಗಿನಿಂದ ನಾಯ್ಸ್ ಫೋಲ್ಡರ್‌ನಲ್ಲೇ ಇದ್ದೇನೆ. ರೈಲು ಹಳಿ ಬದಿಯ ಗೋದಾಮಿನ ಗೋಡೆಗೆ ಕಟ್ಟಿದ ರೆಕಾರ್ಡರ್‌ನ ಮೊದಲ ಮೆಮೊರಿ ಕಾರ್ಡ್ ಬಂದಿದೆ. ಸಾಫ್ಟ್‌ವೇರ್ ತಾನೇ ಎಲ್ಲವನ್ನೂ ಕೇಳಿ, ಬಾವಲಿ ಅನ್ನಿಸಿದ್ದನ್ನು ಒಂದು ಕಡೆ, ಅಲ್ಲ ಅನ್ನಿಸಿದ್ದನ್ನು ‘ನಾಯ್ಸ್’ ಎಂದು ಇನ್ನೊಂದು ಕಡೆ ಹಾಕುತ್ತದೆ. ಅದು ಬಿಸಾಕಿದ್ದರಲ್ಲಿ ನಿಜವಾದ ಬಾವಲಿ ಸೇರಿಹೋಗಿದೆಯೇ ಎಂದು ಹುಡುಕುವುದು ನನ್ನ ಕೆಲಸ. ಬಾವಲಿಯ ಕೂಗು ಮನುಷ್ಯರ ಕಿವಿಗೆ ಬೀಳುವುದಿಲ್ಲ. ಹತ್ತು ಪಟ್ಟು ನಿಧಾನ ಮಾಡಿ ಕೇಳಬೇಕು. ಆಗ ನಲ್ಲಿಯ ಹನಿ ಬಿದ್ದ ಹಾಗೆ ಟಿಕ್, ಟಿಕ್, ಟಿಕ್. ಹುಳ ಹತ್ತಿರವಾದಾಗ ಹನಿಗಳು ಒಂದರ ಮೇಲೊಂದು ಬೀಳುತ್ತವೆ. ಸ್ಕ್ರೀನಿನಲ್ಲಿ ಕುಡುಗೋಲಿನಂತೆ ಬಾಗಿದ ಸಣ್ಣ ಗೆರೆಗಳು. ಓದುವುದು ಏನೂ ಇಲ್ಲ, ಆಕಾರ ನೋಡಬೇಕು ಅಷ್ಟೆ. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವಳಿಗೆ ಹೇಳಿ ಮಾಡಿಸಿದ ಕೆಲಸ ಎಂದು ಭಾವ ಇಲ್ಲಿ ಸೇರಿಸಿದರು.

ಗೂಡ್ಸ್ ರೈಲಿನ ಬ್ರೇಕ್ ಮಾತ್ರ ಸಹಿಸಲಾಗುವುದಿಲ್ಲ. ನಿಧಾನ ಮಾಡಿದರೆ ಯಾವುದೋ ಪ್ರಾಣಿಯನ್ನು ಬಾಗಿಲಿಗೆ ಸಿಕ್ಕಿಸಿದ ಹಾಗೆ. ಇವತ್ತು ಹೆಡ್‌ಫೋನ್ ಕಿತ್ತು ಕಿವಿ ಮುಚ್ಚಿಕೊಂಡೆ. ಎದುರು ಮೇಜಿನ ಆಂಟೆನಾ ನೋಡಿಬಿಟ್ಟ. ಸಾಫ್ಟ್‌ವೇರ್ ಓಡಿಸುವವನು ಅವನು. ಉದ್ದಕ್ಕೆ, ಸಣ್ಣಗೆ, ಯಾವಾಗಲೂ ಸ್ವಲ್ಪ ಒಂದು ಕಡೆ ವಾಲಿಕೊಂಡು ಇರುತ್ತಾನೆ ಎಂದು ಆ ಹೆಸರು. ನಾನು ಸೇರಿ ಆರು ತಿಂಗಳಾಯಿತು, ಇನ್ನೂ ಒಂದು ಮಾತೂ ಆಡಿಲ್ಲ. ಅವನೂ ಆಡಿಲ್ಲ.

ಅವನು ನೋಡಿದ್ದಕ್ಕೆ ನಾಚಿಕೆಯಾಯಿತು. ಆಫೀಸು ನಡೆಸುವ ಮೇಡಂಗೆ ಹೇಳಿದರೆ? ಕೇಳಲು ಆಗದವಳಿಗೆ ಈ ಕೆಲಸ ಯಾಕೆ ಎಂದರೆ?


ಸೆಪ್ಟೆಂಬರ್ 4, ಸಂಜೆ

ನಾವಿರುವುದು ಅದೇ ಗೋದಾಮಿನ ಹಿಂದಿನ ಸಾಲುಮನೆಗಳಲ್ಲಿ. ನಮ್ಮ ಅಡುಗೆಮನೆಯ ಗೋಡೆಯ ಆಚೆ ಬದಿ ಗೋದಾಮಿನದು. ಅದನ್ನು ಕೆಡವಿದರೆ ಈ ಸಾಲೂ ಹೋಗುತ್ತದೆ. ಮಾಲೀಕ ಅರ್ಜಿ ಹಾಕಿ ಆಗಿದೆ. ಅನುಮತಿ ಕೊಡುವ ಕಚೇರಿಯವರು, ಒಳಗೆ ಬಾವಲಿಗಳು ಮನೆ ಮಾಡಿವೆಯೇ ಮೊದಲು ನೋಡಿಸಿ ಎಂದಿದ್ದಾರೆ. ಇದ್ದರೆ ಮುಟ್ಟುವಂತಿಲ್ಲ. ನೋಡುವ ಕೆಲಸ ನಮ್ಮ ಮೇಡಂಗೆ ಬಂದಿದೆ. ರೆಕಾರ್ಡರ್ ಕಟ್ಟುವುದು, ವಾರಕ್ಕೊಮ್ಮೆ ಕಾರ್ಡ್ ತರುವುದು ಭಾವ.

“ನಾವು ಇಲ್ಲೇ ಇರೋದು ಅಂತ ಮೇಡಂ ಹತ್ರ ಬಾಯಿ ಬಿಡಬೇಡ” ಎಂದರು ಊಟಕ್ಕೆ ಕೂತಾಗ.

“ಯಾಕೆ ಭಾವ?”

“ಈ ಜಾಗದ ಕೆಲಸ ಬೇರೆಯವರಿಗೆ ಕೊಟ್ಟುಬಿಡ್ತಾರೆ. ಅಷ್ಟೆ.”

“ಇವಳಾ? ಬಾಯಿ ಬಿಡೋದಾ?” ಅಕ್ಕ ನಕ್ಕಳು. “ಹಲ್ಲುನೋವು ಬಂದಾಗ ಡಾಕ್ಟರ್ ಮುಂದೇನೇ ಬಿಡಲಿಲ್ಲ. ಅಲ್ಲ, ತಲೆಕೆಳಗಾಗಿ ನೇತಾಡೋ ಪ್ರಾಣಿ ನಮ್ಮನ್ನ ನೆಟ್ಟಗೆ ನಿಲ್ಲಿಸುತ್ತೆ ಅಂತ ಕಾಯ್ತಾ ಕೂತಿದ್ದೀವಲ್ಲ, ನಮ್ಮ ಗತಿ ನೋಡು.”

ಭಾವ ನಗಲಿಲ್ಲ. ಅಷ್ಟೆ ಎಂದವರು ಅಷ್ಟಕ್ಕೇ ಬಿಡಬೇಕಿತ್ತು. ತಟ್ಟೆ ತೊಳೆಯುವಾಗ ಮತ್ತೊಮ್ಮೆ ಬಂದು ಹೇಳಿದರು. “ನೆನಪಿರಲಿ.”


ಸೆಪ್ಟೆಂಬರ್ 9

ಗೋದಾಮಿನ ಎರಡನೇ ಕಾರ್ಡ್. ಹೊತ್ತು ಮುಳುಗಿದ ಕೂಡಲೇ ಫೈಲಿನ ಮೇಲೆ ಫೈಲ್. ಎಲ್ಲ ಬಾವಲಿ! ಹೋದ ವಾರ ಅಲ್ಲೊಂದು ಇಲ್ಲೊಂದು. ಈ ವಾರ ಸಿನಿಮಾ ಬಿಟ್ಟ ಹಾಗೆ.

ಮೇಡಂಗೆ ಖುಷಿ. “ಊರಲ್ಲೆಲ್ಲ ಹಾರಾಡ್ತಾವೆ, ಅದು ದೊಡ್ಡ ವಿಷಯ ಅಲ್ಲ. ಇವು ಮನೆಯಿಂದ ಹೊರಡೋ ಹೊತ್ತಿಗೇ ಸಿಕ್ಕಿವೆ ನೋಡು. ಒಳಗೇ ಇರಬೇಕು” ಎಂದರು. ಭಾವನ ಬೆನ್ನು ತಟ್ಟಿದರು.

ನಾಯ್ಸ್ ಫೋಲ್ಡರ್ ತೆರೆದೆ. ಮಿಡತೆ. ಮಳೆಹನಿ. ಬೀಗದ ಕೈ ಗೊಂಚಲು. ಅದು ಭಾವನದು, ರೆಕಾರ್ಡರ್ ಎಚ್ಚರವಾಗಿದೆಯೇ ಎಂದು ನೋಡಲು ಅದರ ಮುಂದೆ ಬೀಗದ ಕೈ ಅಲ್ಲಾಡಿಸುತ್ತಾರೆ. ಮಿಡತೆ, ಮಿಡತೆ. ಮುಗಿಯಿತು.

ಬೇಗ ಮುಗಿಯಿತಲ್ಲ ಎಂದು ಸಂತೋಷದಿಂದ ಡಬ್ಬಿ ತೊಳೆಯಲು ಎದ್ದೆ. ನಲ್ಲಿಯ ಹತ್ತಿರ ನಿಂತಾಗ ಹೊಳೆಯಿತು.

ರೈಲೆಲ್ಲಿ?

ವಾಪಸ್ ಬಂದು ಮತ್ತೆ ನೋಡಿದೆ. ಇಡೀ ವಾರದ ಫೈಲುಗಳಲ್ಲಿ ಒಂದು ರೈಲೂ ಇಲ್ಲ.


ಸೆಪ್ಟೆಂಬರ್ 10, ಸಂಜೆ

ಕೆಲಸದಿಂದ ನೇರ ಮನೆಗೆ ಬರಲಿಲ್ಲ. ಸುತ್ತಿಕೊಂಡು ಗೋದಾಮಿನ ಹಳಿ ಬದಿಗೆ ಹೋದೆ. ಆ ಕಡೆ ಯಾರನ್ನೂ ಬಿಡುವುದಿಲ್ಲ. ಗೇಟಿನ ಸರಳಿಗೆ ಮುಖ ಇಟ್ಟು ನಿಂತೆ. ರೆಕಾರ್ಡರ್ ಗೋಡೆಯಲ್ಲೇ ಇದೆ, ಹಸಿರು ದೀಪ ಮಿಣುಕುತ್ತಿದೆ.

“ಏನಮ್ಮಾ?” ಗೇಟಿನ ಕಾವಲುಗಾರ.

“ಏನಿಲ್ಲ.”

“ಏನಿಲ್ಲ ಅಂದ್ರೆ ಏನಿಲ್ಲದ ಕಡೆ ಹೋಗಿ ನಿಲ್ಲು. ಇಲ್ಲಿ ರೈಲಿದೆ.”

ಹೌದು, ಇದೆ. ಅವನು ಹೇಳಿ ಮುಗಿಸುವಷ್ಟರಲ್ಲಿ ಬಂತು. ತಿರುವಿನಲ್ಲಿ ಬ್ರೇಕ್ ಹಾಕಿದಾಗ ಹಲ್ಲು ಜುಮ್ಮೆಂದಿತು. ಗೇಟಿನಾಚೆ ನಿಂತ ನನ್ನ ಹಲ್ಲಿಗೆ ತಗುಲಿದ ಸದ್ದು ಗೋಡೆಯ ಮೇಲಿನ ರೆಕಾರ್ಡರ್‌ಗೆ ಕೇಳಿಸಲಿಲ್ಲವೇ?

ಕೇಳಿಸಿದೆ. ಹಾಗಾದರೆ ನಾನು ನಿನ್ನೆ ನೋಡಿದ್ದು ಈ ರೆಕಾರ್ಡರ್‌ನ ಕಾರ್ಡ್ ಅಲ್ಲ.


ಸೆಪ್ಟೆಂಬರ್ 12

ಆಫೀಸಿಗೆ ಕೆರೆಯ ಕೆಲಸವೂ ಇದೆ. ಅಲ್ಲಿಗೆ ಹೋಗುವವರೂ ಭಾವನೇ. ಕೆರೆಯ ಮೇಲೆ ಬಾವಲಿ ಬೇಕಾದಷ್ಟು. ಗೋದಾಮಿನ ಕಾರ್ಡಿಗೆ ಕೆಂಪು ಟೇಪ್, ಕೆರೆಯದಕ್ಕೆ ನೀಲಿ. ಗುರುತು ಅಷ್ಟೇ, ಒಂದು ತುಂಡು ಟೇಪ್. ಇವತ್ತು ಕೆಂಪು ಕಾರ್ಡನ್ನು ಬೆಳಕಿಗೆ ಹಿಡಿದು ನೋಡಿದೆ. ಟೇಪ್ ಹೊಸದು. ಅಂಚಿಗೆ ಧೂಳು ಕೂಡ ಹತ್ತಿಲ್ಲ.

ಸಂಜೆ ಮನೆಗೆ ಬಂದರೆ ಭಾವ ಬಾಗಿಲಲ್ಲಿ ಕೂತು ಚೀಲ ಒರೆಸುತ್ತಿದ್ದರು. ಒಳಗೆ ಎರಡು ರೆಕಾರ್ಡರ್. ಎರಡರ ಬೆಲ್ಟಿಗೂ ಕೆಸರು.

“ಕೆರೆಗೆ ಎರಡು ತಗೊಂಡು ಹೋಗ್ತೀರಾ?” ಎಂದೆ.

“ಒಂದು ಕೆಟ್ಟರೆ ಇನ್ನೊಂದು ಬೇಡ್ವಾ? ಏನು, ನಾಳೆಯಿಂದ ನೀನೇ ನನ್ನ ಮೇಡಮ್ಮಾ?”

ನಕ್ಕರು. ನಗು ಸರಿಯಾಗೇ ಇತ್ತು. ಅದೇ ನನಗೆ ಸರಿಬರಲಿಲ್ಲ. ಕೆರೆಯಲ್ಲಿ ಎರಡು ಕಾರ್ಡ್ ತುಂಬಿಸಿ ಒಂದಕ್ಕೆ ಕೆಂಪು ಟೇಪ್ ಸುತ್ತಿದರೆ ಯಾರಿಗೆ ಗೊತ್ತಾಗುತ್ತದೆ? ಮನೆ ಉಳಿಯುತ್ತದೆ. ಉಳಿದ ಮನೆಯಲ್ಲಿ ನಾನೂ ಮಲಗುತ್ತೇನೆ.

ಭಾವ ಕೆಟ್ಟವರಲ್ಲ. ನನ್ನನ್ನು ಬೀದಿಗೆ ಬಿಡದೆ ಇಟ್ಟುಕೊಂಡವರು. ಅದಕ್ಕೇ ಮಾಡಿರಬಹುದು ಅನ್ನಿಸುತ್ತದೆ... ಅದಕ್ಕೇ.


ಸೆಪ್ಟೆಂಬರ್ 13

ಊಟದಿಂದ ಬೇಗ ಬಂದೆ. ಆಂಟೆನಾ ನನ್ನ ಕುರ್ಚಿಯಲ್ಲಿ! ನನ್ನ ಮೌಸ್ ಅವನ ಕೈಯಲ್ಲಿ. ಥಟ್ಟನೆ ಎದ್ದ, ಮೊಣಕಾಲು ಮೇಜಿಗೆ ಬಡಿಯಿತು.

“ಅಪ್‌ಡೇಟ್... ಸ್ವಲ್ಪ...” ಎಂದ. ಕಿವಿ ಕೆಂಪಾಗಿತ್ತು. ಕುಂಟುತ್ತಾ ಹೋದ.

ಇವನು ಆಡಿದ ಮೊದಲ ಮಾತೇ ಸುಳ್ಳು. ಅಪ್‌ಡೇಟ್ ಆಗುವಾಗ ಸ್ಕ್ರೀನಿನ ಮೇಲೆ ಚಕ್ರ ತಿರುಗುತ್ತದೆ, ನನಗೆ ಅಷ್ಟೂ ಗೊತ್ತಿಲ್ಲವೇ. ಸಂಜೆ ಕೆಳಗಿನ ಟೀ ಅಂಗಡಿಯಲ್ಲಿ ಅವನೂ ಭಾವನೂ ಒಂದೇ ಬೆಂಚಿನಲ್ಲಿದ್ದರು. ದಿನವೂ ಇರುತ್ತಾರೆ. ಇವತ್ತು ಮೊದಲ ಸಲ ಅದು ಕಣ್ಣಿಗೆ ಬಿತ್ತು.

ಇಬ್ಬರೂ ಸೇರಿದ್ದಾರೆಯೇ?


ಸೆಪ್ಟೆಂಬರ್ 16

ಮೂರನೇ ಕಾರ್ಡ್. ಬಾವಲಿ ಇನ್ನೂ ಹೆಚ್ಚು. ರೈಲಿಲ್ಲ.

ಮನೆಗೆ ಬಂದರೆ ಅಕ್ಕ ಭಾವ ಅಡುಗೆಮನೆಯಲ್ಲಿ ಪಿಸುಗುಡುತ್ತಿದ್ದರು. “...ಅವಳಿಗೆ ಈಗಲೇ ಹೇಳೋದು ಬೇಡ” ಎಂದದ್ದು ಕೇಳಿಸಿತು. ಚಪ್ಪಲಿ ಬಿಡುವ ಸದ್ದಿಗೆ ಇಬ್ಬರೂ ನಿಲ್ಲಿಸಿದರು.

“ಬಂದ್ಯಾ? ಕೈಕಾಲು ತೊಳ್ಕೊ” ಎಂದಳು ಅಕ್ಕ. ಬೇಕಿದ್ದಕ್ಕಿಂತ ಜೋರಾಗಿ.

ಅಕ್ಕನೂ.


ಸೆಪ್ಟೆಂಬರ್ 17

ಹೇಳಿಬಿಟ್ಟೆ.

ಪ್ರತಿ ಕಾರ್ಡ್ ಮುಗಿದಾಗಲೂ ಮೇಡಂ ನನ್ನ ಮೇಜಿನ ಹತ್ತಿರ ಬಂದು, “ನಿನಗೇನಾದರೂ ಅನ್ನಿಸಿತಾ?” ಎಂದು ಕೇಳುತ್ತಾರೆ. ಎಲ್ಲಿ ಕೆಲಸ ಮಾಡಿದಾಗಲೂ ನನಗೆ ಏನನ್ನಿಸಿತು ಎಂದು ಯಾರೂ ಕೇಳಿರಲಿಲ್ಲ. ನಾನು ತಲೆ ಅಲ್ಲಾಡಿಸುತ್ತೇನೆ, ಅವರು ಹೋಗುತ್ತಾರೆ. ಇವತ್ತು ಅಲ್ಲಾಡಿಸಲಿಲ್ಲ. ಹಾಗೇ ಕೂತೆ. ಅವರು ಕುರ್ಚಿ ಎಳೆದುಕೊಂಡರು.

“ನಾಳೆ ಗೋದಾಮಿನ ರಿಪೋರ್ಟ್ ಹೋಗುತ್ತೆ. ಏನಿದ್ದರೂ ಈಗಲೇ ಹೇಳು.”

“ಕಾರ್ಡಿನಲ್ಲಿ ರೈಲಿಲ್ಲ ಮೇಡಂ.”

ಒಂದು ಹೊರಗೆ ಬಂದ ಮೇಲೆ ಉಳಿದದ್ದು ತಾನೇ ಬಂತು. ಟೇಪ್. ಕೆಸರು. ನನ್ನ ಕುರ್ಚಿಯಲ್ಲಿ ಕೂತದ್ದು. ನಾವು ಎಲ್ಲಿರುತ್ತೇವೆ ಎನ್ನುವುದು.

ಮೇಡಂ ಕನ್ನಡಕ ತೆಗೆದರು. “ಅಲ್ಲೇ ಇರ್ತೀರಾ? ಗೋದಾಮಿನ ಹಿಂದೆ?”

ಅದೊಂದೇ ಎರಡು ಸಲ ಕೇಳಿದರು.

ಮನೆಗೆ ಬರುವಾಗ ಕಾಲು ಹಗುರವಾಗಿತ್ತು. ಬಾಗಿಲಲ್ಲಿ ಅಕ್ಕನ ಚಪ್ಪಲಿ, ಭಾವನ ಚಪ್ಪಲಿ ಕಂಡು ನನ್ನದನ್ನು ಆಚೆ ಮೂಲೆಯಲ್ಲಿ ಬಿಟ್ಟೆ.


ಸೆಪ್ಟೆಂಬರ್ 18

ಮೇಡಂ ನನ್ನನ್ನು, ಭಾವನನ್ನು, ಆಂಟೆನಾನನ್ನು ಕರೆದರು. ಭಾವನನ್ನು ನಿಲ್ಲಿಸಿಯೇ ಕೇಳಿದರು.

“ಗೋದಾಮಿನ ಕಾರ್ಡ್ ಗೋದಾಮಿನದೇನಾ?”

“ಮತ್ತೆ ಯಾರದು ಮೇಡಂ?”

“ರೈಲು ಯಾಕಿಲ್ಲ?”

ಭಾವನಿಗೆ ಅರ್ಥವಾಗಲಿಲ್ಲ. ಅಥವಾ ಅರ್ಥವಾಗದವರ ಹಾಗೆ ನಿಂತರು. ನನ್ನ ಕಡೆ ನೋಡಿದರು. ನೆಲ ನೋಡಿದೆ.

“ರೈಲು ನಾನು ತೆಗೆದಿದ್ದು” ಎಂದ ಆಂಟೆನಾ.

ಎಲ್ಲರೂ ಅವನ ಕಡೆ ತಿರುಗಿದೆವು. ವಾಲಿಕೊಂಡೇ ಹೇಳಿದ, ಗೋಡೆಗೆ ಹೇಳುವ ಹಾಗೆ. “ನಾಯ್ಸ್‌ನಲ್ಲಿ ರೈಲಿನವು ಮಾತ್ರ. ಇವರು ಕಿವಿ ಮುಚ್ಚಿಕೊಳ್ತಿದ್ರು. ಅಳೋ ಹಾಗೆ ಆಗ್ತಿತ್ತು ಮುಖ. ಊಟಕ್ಕೆ ಹೋದಾಗ ಕೂತು ಡಿಲೀಟ್ ಮಾಡ್ತಿದ್ದೆ. ಆವತ್ತು ಇವರು ನೋಡಿದಾಗ ಮೊದಲ ಕಾರ್ಡಿನಲ್ಲಿ ಉಳಿದಿದ್ದವನ್ನ ತೆಗೀತಿದ್ದೆ. ಹೇಗಿದ್ದರೂ ಬೇಡದ್ದು ಅಂತ.”

“ಬೇಡದ್ದು!” ಮೇಡಂ ಮೇಜು ಗುದ್ದಲಿಲ್ಲ, ಗುದ್ದಿದ್ದರೇ ಚೆನ್ನಾಗಿತ್ತು. “ಬ್ಯಾಕಪ್?”

“ಇಲ್ಲಿ ಅಳಿಸಿದರೆ ಅಲ್ಲೂ ಅಳಿಸುತ್ತೆ.”

“ಕಾರ್ಡು?”

“ಖಾಲಿ ಮಾಡಿ ಮತ್ತೆ ಹಾಕಿದೀನಿ” ಎಂದರು ಭಾವ. “ಯಾವಾಗಲೂ ಹಾಗೇ ಅಲ್ವಾ. ಟೇಪು ಬಿಸಿಲಿಗೆ ಕಿತ್ತು ಬಂದಿತ್ತು, ಹೊಸದು ಅಂಟಿಸಿದೆ. ಅದೂ ತಪ್ಪಾ?”

“ಬಾವಲಿ ಒಂದೇ ವಾರದಲ್ಲಿ ಅಷ್ಟು...” ಎಂದೆ. ನನ್ನ ದನಿ ನನಗೇ ಕೇಳಿಸಲಿಲ್ಲ.

“ಮರಿಗಳು ಹಾರೋಕೆ ಶುರು ಮಾಡೋ ತಿಂಗಳು ಇದು” ಎಂದರು ಮೇಡಂ. “ಹೆಚ್ಚಾಗಲೇಬೇಕು.”

ಕೊನೆಗೆ ಮೇಡಂ ಹೇಳಿದ್ದು ಇಷ್ಟು: ಫೈಲುಗಳನ್ನು ಅಳಿಸಿದ ರೆಕಾರ್ಡನ್ನು ಯಾವ ಕಚೇರಿಯ ಮುಂದೆಯೂ ಇಡಲಾಗುವುದಿಲ್ಲ. ರೈಲು ಅಳಿಸಿದವರು ಇನ್ನೇನು ಅಳಿಸಿದ್ದೀರಿ, ಇನ್ನೇನು ಸೇರಿಸಿದ್ದೀರಿ ಎಂದು ಮಾಲೀಕನ ಕಡೆಯವರು ಕೇಳುತ್ತಾರೆ. ಅದರ ಮೇಲೆ, ಕಾರ್ಡ್ ತಂದವರು ಅದೇ ಸಾಲಿನಲ್ಲಿರುವವರು. ರಿಪೋರ್ಟ್ ನಿಂತಿತು. ಗೋದಾಮಿನ ಮೂರು ವಾರವೂ ಲೆಕ್ಕಕ್ಕಿಲ್ಲ.

ಆಂಟೆನಾ ಹೇಳಿದ್ದು ನಿಜವೇ? ನಂಬಬೇಕು ಅನ್ನಿಸುತ್ತದೆ. ಅದಕ್ಕೇ ನಂಬಲು ಭಯ. ಭಾವನನ್ನು ಉಳಿಸಲು ಹೇಳಿರಬಾರದೇಕೆ? ನೋಡಿದವರು ಯಾರೂ ಇಲ್ಲ.


ಸೆಪ್ಟೆಂಬರ್ 23

ಬರೆಯಲಾಗಿರಲಿಲ್ಲ.

ಭಾವ ಊಟ ಬಾಗಿಲಲ್ಲಿ ಕೂತು ಮಾಡುತ್ತಾರೆ. ನಾನು ಒಳಗೆ. ಕೆರೆಯ ಕೆಲಸಕ್ಕೆ ಮಾತ್ರ ಅವರನ್ನು ಕಳಿಸುತ್ತಾರೆ ಮೇಡಂ. ಗೋದಾಮಿನ ರೆಕಾರ್ಡರ್ ಬಿಚ್ಚಿ ತಂದಾಯಿತು.

ಅಕ್ಕ ಇಷ್ಟು ದಿನ ಏನೂ ಅಂದಿರಲಿಲ್ಲ. ಇವತ್ತು ಬಟ್ಟೆ ಹಿಂಡುತ್ತಾ ಶುರು ಮಾಡಿದಳು.

“ನಿನಗೆ ಕೆಲಸ ಕೊಡಿಸಿದ್ದು ಅವರನ್ನೇ ಹಿಡಿದುಕೊಡೋಕಾ?”

“ರೈಲು ಇರಲಿಲ್ಲ ಅಕ್ಕಾ.”

“ರೈಲಂತೆ ರೈಲು! ನಮ್ಮನ್ನ ಕೇಳಬಹುದಿತ್ತಲ್ಲ. ಬಾಯಿ ಇರಲಿಲ್ವಾ? ಆವತ್ತು ಎಲ್ಲಿತ್ತೋ, ಮೇಡಂ ಮುಂದೆ ಬಂದುಬಿಡ್ತು.”

“ನೀವಿಬ್ಬರೂ ಪಿಸುಗುಟ್ಟುತ್ತಿದ್ರಿ. ನನಗೆ ಹೇಳೋದು ಬೇಡ ಅಂತ.”

ಅಕ್ಕ ಹಿಂಡುವುದನ್ನು ನಿಲ್ಲಿಸಿದಳು. “ಇಲ್ಲಿಂದ ಎಬ್ಬಿಸಿದರೆ ಇರಲಿ ಅಂತ ಒಂದು ರೂಮ್ ನೋಡಿದ್ವಿ. ಇಬ್ಬರು ಮಲಗಿದರೆ ಬಾಗಿಲು ತೆಗೆಯೋಕಾಗಲ್ಲ, ಅಷ್ಟು. ನಿನ್ನ ಎಲ್ಲಿ ಮಲಗಿಸೋದು ಅಂತ ಮಾತು. ಬಾಗಿಲು ಕಿತ್ತು ಪರದೆ ಹಾಕೋಣ ಅಂದ್ರು ಅವರು. ಅದು ಪಿಸುಗುಟ್ಟಿದ್ದು.”

ಬಟ್ಟೆಯನ್ನು ಬಕೆಟ್ಟಿಗೆ ಒಗೆದು ಹೋದಳು. ನಾನೇ ಹಿಂಡಿ ಒಣಗಿಸಿದೆ.


ಸೆಪ್ಟೆಂಬರ್ 24

ಆಂಟೆನಾ ನನ್ನ ಮೇಜಿನ ಹತ್ತಿರ ಬಂದು ನಿಂತ. ನಾನು ಸ್ಕ್ರೀನ್ ನೋಡುತ್ತಲೇ ಇದ್ದೆ. ಅವನು ಬೆರಳು ಚಾಚಿ ಕೆಳಗಿನ ಮೂಲೆಯ ಒಂದು ಗೆರೆ ತೋರಿಸಿದ.

“ಸದ್ದು ಕಡಿಮೆ ಮಾಡೋದು ಇಲ್ಲಿದೆ.”

ಯಾವ ಸೆಟ್ಟಿಂಗೂ ಮುಟ್ಟಬೇಡ ಎಂದು ಮೊದಲ ದಿನವೇ ಹೇಳಿದ್ದರು. ಅದೂ ಅದರಲ್ಲಿ ಸೇರಿತ್ತು ಎಂದುಕೊಂಡಿದ್ದೆ.

“ಇದನ್ನ ಆವತ್ತೇ ಹೇಳಬಹುದಿತ್ತು” ಎಂದ. “ಹೇಳೋಕೆ ಬರಲಿಲ್ಲ. ಡಿಲೀಟ್ ಮಾಡೋದು ಸುಲಭ ಇತ್ತು.”

ಗೆರೆಯನ್ನು ಎಳೆದೆ. ಕೆರೆಯ ಕಪ್ಪೆಗಳು ದೂರ ಹೋದವು.

ಇಷ್ಟು ಪೆದ್ದಾಗಿ ಯಾರೂ ಸುಳ್ಳು ಕಟ್ಟುವುದಿಲ್ಲ. ಕಟ್ಟುತ್ತಾರೆಯೇ?


ಸೆಪ್ಟೆಂಬರ್ 25

ಮೇಡಂ ನನ್ನನ್ನೂ ಭಾವನನ್ನೂ ಕರೆದರು.

“ಚಳಿ ಬಿದ್ದರೆ ಅವು ಜಾಗ ಬದಲಿಸ್ತಾವೆ. ಹೊಸದಾಗಿ ವಾರಗಟ್ಟಲೆ ರೆಕಾರ್ಡ್ ಮಾಡೋಕೆ ಹೊತ್ತಿಲ್ಲ. ನಾಳೆ ಸಂಜೆ ನೀವಿಬ್ಬರೂ ಹಳಿ ಬದಿಯಲ್ಲಿ ಕೂತು ಕಣ್ಣಲ್ಲಿ ನೋಡಿ. ಕಾವಲಿನವನಿಗೆ ಹೇಳಿದೀನಿ. ಇದು ರಿಪೋರ್ಟಿಗಲ್ಲ, ನನಗೆ. ಗೋಡೆಯಿಂದ ಒಂದಾದರೂ ಹೊರಗೆ ಬಂದರೆ, ಮಾಲೀಕನ ಎಂಜಿನಿಯರ್‌ನ ಪಕ್ಕದಲ್ಲೇ ಕೂರಿಸಿಕೊಂಡು ನಾನೇ ಮತ್ತೆ ಎಣಿಸ್ತೀನಿ. ಒಂದೂ ಇಲ್ಲದಿದ್ದರೆ ಇಲ್ಲ ಅಂತ ಬರೆದು ಮುಗಿಸ್ತೀನಿ.”

“ನಾವ್ಯಾಕೆ ಮೇಡಂ?” ಎಂದರು ಭಾವ. “ನಾನು ಆ ಸಾಲಿನವನಲ್ವಾ. ಏನು ಹೇಳಿದರೂ...”

“ಅದಕ್ಕೇ ಇವಳು. ನಿಮ್ಮನ್ನ ನಂಬದೆ ಇರೋರಲ್ಲಿ ಇವಳಿಗಿಂತ ಒಳ್ಳೆಯವರು ನನಗೆಲ್ಲಿ ಸಿಗ್ತಾರೆ? ನೀವು ನೋಡಿ, ಇವಳು ಬರೀತಾಳೆ.”

ತಮಾಷೆಯೋ ಅಲ್ಲವೋ ಮೇಡಂ ಮುಖ ನೋಡಿದರೆ ತಿಳಿಯುವುದಿಲ್ಲ. ಭಾವ ಮೆಟ್ಟಿಲಿಳಿದರು. ನಾನು ಹಿಂದೆ, ನಾಲ್ಕು ಮೆಟ್ಟಿಲು ಬಿಟ್ಟು.


ಸೆಪ್ಟೆಂಬರ್ 26, ಸಂಜೆ, ಹಳಿ ಬದಿ

ಕೂತು ಬರೆಯುತ್ತಿದ್ದೇನೆ. ಸುಮ್ಮನೆ ಕೂತರೆ ಭಾವನ ಕಡೆ ನೋಡಬೇಕಾಗುತ್ತದೆ.

ಗೋದಾಮಿನ ಗೋಡೆಗೆ ಸೂರಿನ ಕೆಳಗೆ ಎರಡು ಕಿಂಡಿ. ಒಂದು ಇತ್ತ, ನನ್ನ ನೆತ್ತಿಯ ಮೇಲೆ. ಇನ್ನೊಂದು ಮೂಲೆ ತಿರುಗಿದ ಮೇಲೆ. ಭಾವ ಮೂಲೆಯಲ್ಲಿ ನಿಂತಿದ್ದಾರೆ. ಅವರು ನನಗೆ ಕಾಣುತ್ತಾರೆ, ಅವರ ಕಿಂಡಿ ಕಾಣುವುದಿಲ್ಲ. ಮಾತಾಡುವಂತಿಲ್ಲ. ಒಂದು ಹೊರಬಂದರೆ ಕೈ ಎತ್ತಬೇಕು, ನಾನು ಬರೆದ ಮೇಲೆ ಇಳಿಸಬೇಕು. ಹಾಗೆಂದು ಮೇಡಂ ಹೇಳಿ ಕಳಿಸಿದ್ದಾರೆ. ಮಾತಾಡದೆ ಇರುವುದು ನಮಗಿಬ್ಬರಿಗೂ ಎಂಟು ದಿನದಿಂದ ಚೆನ್ನಾಗಿ ಬರುತ್ತದೆ.

ಹೊತ್ತು ಮುಳುಗಿತು. ಹಳಿಯ ಮೇಲೆ ಇನ್ನೂ ಬೆಳಕಿದೆ, ಗೋಡೆಯ ಮೇಲಿಲ್ಲ.

ಏನೂ ಇಲ್ಲ.

ಗೂಡ್ಸ್ ಹೋಯಿತು. ಕಿವಿ ಮುಚ್ಚಿಕೊಳ್ಳಲಿಲ್ಲ.

ಇನ್ನೂ ಇಲ್ಲ. ಜಾಗ ಬದಲಿಸಿಬಿಟ್ಟವೇ? ಅಥವಾ ಇರಲೇ ಇಲ್ಲವೇ? ಎರಡರಲ್ಲಿ ಯಾವುದು ಎಂದು ಇನ್ನು ಯಾವ ಫೋಲ್ಡರ್‌ನಲ್ಲೂ ಸಿಗುವುದಿಲ್ಲ. ನನ್ನ ಕಿಂಡಿ ಕಪ್ಪಗಿದೆ. ನೋಡಿ ನೋಡಿ ಕಪ್ಪೇ ಅಲ್ಲಾಡಿದ ಹಾಗೆ ಕಾಣುತ್ತದೆ. ಅಲ್ಲಾಡಿದ್ದು ನನ್ನ ಕಣ್ಣು.

ಭಾವ ಕೈ ಎತ್ತಿದರು.

ನನ್ನ ಕಡೆ ಏನೂ ಇಲ್ಲ. ಆಕಾಶದಲ್ಲೂ ಏನೂ ಹಾದುಹೋಗಲಿಲ್ಲ. ನೋಡುತ್ತಲೇ ಇದ್ದೆ. ಒಂದು ಸಾಕು, ಮನೆ ಉಳಿಯುವ ದಾರಿ ತೆರೆಯುತ್ತದೆ. ಅದು ಅವರಿಗೂ ಗೊತ್ತು.

ಕೈ ಹಾಗೇ ಇದೆ. ಇಳಿಸುತ್ತಿಲ್ಲ. ಕಿಂಡಿಯನ್ನೂ ನೋಡುತ್ತಿಲ್ಲ, ನನ್ನ ಪೆನ್ನನ್ನು ನೋಡುತ್ತಿದ್ದಾರೆ. ಎಂಟು ದಿನದ ಮೇಲೆ ಮೊದಲ ಸಲ ನನ್ನ ಕಡೆ ನೋಡುತ್ತಿದ್ದಾರೆ.

ಬರೆದೆ. ಮೇಡಂ ಕೊಟ್ಟ ಹಾಳೆಯಲ್ಲಿ, ಭಾವನ ಕಡೆ, ಒಂದು.

ಕೈ ಇಳಿಯಿತು. ಕಾಣದ್ದನ್ನು ಬರೆದಿದ್ದೇನೆ. ತಪ್ಪೋ ಸರಿಯೋ, ಅಳಿಸುವುದಿಲ್ಲ.

ಮತ್ತೆ ಎತ್ತಿದರು. ಬರೆದೆ. ಮತ್ತೆ. ಮತ್ತೆ. ಇಳಿಸಲು ಬಿಡುವಿಲ್ಲದೆ ಎರಡೂ ಕೈ... ನಗುತ್ತಿದ್ದಾರೆಯೇ? ಕತ್ತಲಲ್ಲಿ ಹಲ್ಲು ಕಂಡ ಹಾಗಾಯಿತು. ಈಗ ನನ್ನ ನೆತ್ತಿಯ ಮೇಲೂ ಗೋಡೆಯೊಳಗೆ ಏನೋ ಪರಪರ ಎನ್ನುತ್ತಿದೆ, ಕಿಂಡಿಯ ಅಂಚಿಗೆ ಒಂದು —